ಪವಾಯಿಯಲ್ಲಿ ರೂಪುಗೊಂಡ ಚಿಕಿತ್ಸೆ

ನಮ್ಮ ಪವಾಯಿಯ ಐ.ಐ.ಟಿ.ಯಲ್ಲಿ ಪ್ರೊ. ರಾಹುಲ್ ಪುರ್ವಾರ್ ಅವರ ತಂಡ ರೂಪಿಸಿದ ರಕ್ತಕ್ಯಾನ್ಸರಿನ ಚಿಕಿತ್ಸೆಯನ್ನು ಟಾಟಾ ಸ್ಮಾರಕ ಕೇಂದ್ರದಲ್ಲಿ 2021ರ ಜೂನ್ 4ರಂದು ಮೊದಲ ರೋಗಿಗೆ ನೀಡಲಾಯಿತು. ರೋಗಿಯದೇ ಬಿಳಿ ರಕ್ತಕಣಗಳನ್ನು ಹೊರತೆಗೆದು, ಅವುಗಳ ಮೇಲೆ ಪ್ರತಿಕಾಯದ ತುಣುಕೊಂದು ಮೂಡುವಂತೆ ಮಾಡಿ, ಮರಳಿ ದೇಹಕ್ಕೆ ಸೇರಿಸುವುದೇ ಇದರ ಕ್ರಮ. ಆ ತುಣುಕು ಕ್ಯಾನ್ಸರ್ ಕಣದ ‘ಸಿಡಿ19’ ಎಂಬ ಗುರುತನ್ನು ಪತ್ತೆಹಚ್ಚುತ್ತದೆ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ನನಗೆ ಇದು ಬೇಗನೆ ಅರ್ಥವಾಯಿತು! ಆದರೆ ಕೆಲವು ಆರೋಗ್ಯವಂತ ಕಣಗಳಿಗೂ ಅದೇ ಗುರುತುಂಟು. ಕೆರಳಿದ ಕಣಗಳಿಂದ ತೀವ್ರ ಜ್ವರವೂ ಬರಬಹುದು. ಆದುದರಿಂದ ಮೊದಲ ಹಂತದ ಪರೀಕ್ಷೆಯ ಮುಖ್ಯ ಪ್ರಶ್ನೆ “ಗುಣವಾದೀತೇ?” ಎಂಬುದಲ್ಲ, “ದೇಹ ತಾಳೀತೇ?” ಎಂಬುದು. ಬೇರೆ ಔಷಧಗಳು ಸೋತ ಮೇಲೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವರೇ ಅದಕ್ಕೆ ಉತ್ತರವಾದರು. 2023ರ ಅಕ್ಟೋಬರದಲ್ಲಿ ಸರಕಾರದ ಅನುಮತಿ ದೊರೆಯಿತು. 2025ರಲ್ಲಿ ಪ್ರಕಟವಾದ ವರದಿಯಂತೆ, ಫಲಿತಾಂಶ ಅಳೆಯಲು ಸಾಧ್ಯವಾದವರಲ್ಲಿ ಶೇಕಡಾ 73ರಷ್ಟು ಮಂದಿಗೆ ಚಿಕಿತ್ಸೆ ಫಲಿಸಿತು. ಇಬ್ಬರು ಚಿಕಿತ್ಸೆಯ ದುಷ್ಪರಿಣಾಮದಿಂದಲೇ ತೀರಿಕೊಂಡರು.