ಹಳೆಯ ಯಂತ್ರಕ್ಕೆ ಹೊಸ ಅಂಕಿ: ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ

ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು, ತುಮಕೂರು ರಸ್ತೆ ಬಿಟ್ಟು ಒಳಗಿನ ಕ್ರಾಸುಗಳಿಗೆ ತಿರುಗಿದರೆ ಎರಡೂ ಬದಿಗೆ ಅರ್ಧ ಎತ್ತಿದ ಶಟರುಗಳು. ಗೇರ್ ಕಟಿಂಗ್, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಎಂದು ಬೋರ್ಡುಗಳನ್ನು ಓದುತ್ತ ಹೋದರೆ ಕಬ್ಬಿಣದ ತುಂಡೊಂದು ಬಿಡಿಭಾಗವಾಗುವ ದಾರಿ ಪೂರ್ತಿ ತಿಳಿಯುತ್ತದೆ. ನಾನು ನೋಡಹೊರಟದ್ದು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳನ್ನಲ್ಲ. ಕೈಯಲ್ಲಿ ತಿರುಗಿಸುವ ಹಳೆಯ ಲೇತು, ಮಿಲ್ಲಿಂಗ್ ಮಷಿನುಗಳನ್ನು ಮತ್ತು ಅವುಗಳ ಪಕ್ಕದ ತೋಳಿನ ಮೇಲೆ ಕೂತು ಹೊಳೆಯುವ ಅಂಕಿಗಳ ಪೆಟ್ಟಿಗೆಯನ್ನು. ಅದು ಡಿಜಿಟಲ್ ರೀಡ್‌ಔಟ್, ಕೆಲಸಗಾರರ ಬಾಯಲ್ಲಿ ಡಿಆರ್‌ಓ.

ಅಂಥ ಒಂದು ವರ್ಕ್‌ಶಾಪಿನೊಳಗೆ ಕಾಲಿಟ್ಟ ಕೂಡಲೇ ಕೂಲೆಂಟಿನ ವಾಸನೆ. ಎಡಗೋಡೆಗೆ ಎರಡು ಲೇತು, ನಡುವೆ ಒಂದು ವರ್ಟಿಕಲ್ ಮಿಲ್ಲಿಂಗ್ ಮಷಿನ್, ಮೂಲೆಯಲ್ಲಿ ಡ್ರಿಲ್ಲಿಂಗ್ ಮಷಿನ್. ಲೇತುಗಳಲ್ಲೊಂದು ಎಚ್‌ಎಂಟಿಯದು, 1953ರಲ್ಲಿ ಹುಟ್ಟಿದ ಆ ಕಾರ್ಖಾನೆ ಇದ್ದದ್ದು ಇಲ್ಲೇ ಹತ್ತಿರದ ಜಾಲಹಳ್ಳಿಯಲ್ಲಿ. ಬಣ್ಣ ಹೋಗಿ ಕೈ ತಾಗುವಲ್ಲೆಲ್ಲ ಕಬ್ಬಿಣ ಮಿನುಗುತ್ತಿದೆ. ಹಿರಿಯ ಆಪರೇಟರ್ ಹ್ಯಾಂಡಲನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಆಡಿಸಿದರು. ಡಯಲಿನ ಗೆರೆಗಳು ಸರಿದವು, ಸ್ಲೈಡ್ ಮಾತ್ರ ಕದಲಲಿಲ್ಲ. "ನೋಡಿ ಸರ್, ಇಷ್ಟು ಪ್ಲೇ ಇದೆ. ಬರೀ ಡಯಲ್ ನಂಬ್ಕೊಂಡ್ರೆ ಜಾಬ್ ರಿಜೆಕ್ಟ್" ಎಂದರು.

ಹಳೆಯ ಯಂತ್ರಗಳ ಕಾಯಿಲೆಯೇ ಇದು. ಹ್ಯಾಂಡಲಿನ ಡಯಲ್ ಹೇಳುವುದು ಸ್ಕ್ರೂ ಎಷ್ಟು ತಿರುಗಿತು ಎಂಬುದನ್ನು. ಟೇಬಲ್ ಎಷ್ಟು ಸರಿಯಿತು ಎಂಬುದನ್ನಲ್ಲ. ಸ್ಕ್ರೂ, ನಟ್ ಸವೆದಂತೆ ಇವೆರಡರ ನಡುವೆ ಅಂತರ ಬೆಳೆಯುತ್ತದೆ. ಅನುಭವಸ್ಥರು ಯಾವಾಗಲೂ ಒಂದೇ ದಿಕ್ಕಿನಿಂದ ಗೆರೆಗೆ ಬಂದು, ದಾಟಿಹೋದರೆ ಪೂರಾ ಹಿಂದೆ ಹೋಗಿ ಮತ್ತೆ ಬಂದು ಇದನ್ನು ನಿಭಾಯಿಸುತ್ತಾರೆ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತು. 5 ಮಿ.ಮೀ. ಪಿಚ್ಚಿನ ಸ್ಕ್ರೂವಿನಲ್ಲಿ ಒಂದು ಸುತ್ತು ಮರೆತರೆ ಜಾಬ್ 5 ಮಿ.ಮೀ. ಕೆಟ್ಟಿತು.

ಡಿಆರ್‌ಓ ಸ್ಕ್ರೂವಿನ ತಂಟೆಗೇ ಹೋಗುವುದಿಲ್ಲ. ಮಿಲ್ಲಿಂಗ್ ಮಷಿನಿನ ಟೇಬಲ್ ಹಿಂದೆ ಬಗ್ಗಿ ನೋಡಿದೆ: ಉದ್ದನೆಯ ಅಲ್ಯೂಮಿನಿಯಂ ಕವಚ, ಅದರ ಕೆಳಬದಿಯಲ್ಲಿ ತುಟಿಯಂತೆ ಮುಚ್ಚಿಕೊಂಡ ರಬ್ಬರ್ ಸೀಲ್. ಚೂರುಗಳೂ ಕೂಲೆಂಟೂ ಒಳಗೆ ಬೀಳದಿರಲೆಂದು ಬಾಯಿ ಕೆಳಗೆ. ಒಳಗೆ ಗಾಜಿನ ಪಟ್ಟಿ, ಅದರ ಮೇಲೆ ಸಾಮಾನ್ಯವಾಗಿ 20 ಮೈಕ್ರಾನಿಗೊಂದರಂತೆ ಗೆರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಟೇಬಲ್ ಸರಿದಂತೆ ಈ ಪಟ್ಟಿಯ ಗುಂಟ ಹಾಯುವ ರೀಡರ್ ಹೆಡ್‌ನಲ್ಲಿ ಒಂದು ಎಲ್‌ಇಡಿ, ಅಂಥದೇ ಗೆರೆಗಳ ಪುಟ್ಟ ಗಾಜು, ಬೆಳಕು ಹಿಡಿಯುವ ಕೋಶಗಳು. ಎರಡು ಬಾಚಣಿಗೆಗಳನ್ನು ಒಂದರ ಮೇಲೊಂದಿಟ್ಟು ಸರಿಸಿದರೆ ಸಂದುಗಳು ತೆರೆದು ಮುಚ್ಚುವ ಹಾಗೆ ಇಲ್ಲಿ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಪೆಟ್ಟಿಗೆ ಅದನ್ನು ಎಣಿಸುತ್ತದೆ. ಕಾಲು ಗೆರೆಯಷ್ಟು ಆಚೀಚೆ ಕೂರಿಸಿದ ಎರಡು ಸಂಕೇತಗಳಿರುವುದರಿಂದ ಟೇಬಲ್ ಎಡಕ್ಕೆ ಹೋಯಿತೋ ಬಲಕ್ಕೋ ಎಂಬುದೂ ತಿಳಿಯುತ್ತದೆ, 20 ಮೈಕ್ರಾನ್ ನಾಲ್ಕು ಪಾಲಾಗಿ 5 ಮೈಕ್ರಾನ್ ಓದಲೂ ಬರುತ್ತದೆ. ಈ ಗಾಜಿನ ಸ್ಕೇಲುಗಳಿಗೆ ಹೆಸರಾದ ಜರ್ಮನಿಯ ಹೈಡನ್‌ಹೈನ್ ಕಂಪನಿ 1889ರಲ್ಲಿ ಬರ್ಲಿನ್ನಿನಲ್ಲಿ ಶುರುವಾದದ್ದು ಲೋಹದ ಮೇಲೆ ಆಮ್ಲದಿಂದ ಗೆರೆ, ಅಕ್ಷರ ಕೊರೆಯುವ ಅಂಗಡಿಯಾಗಿ.

ಮಿಲ್ಲಿಂಗ್ ಮಷಿನಿನ ಮೇಲೆ ಒಂದು ಫ್ಲ್ಯಾಂಜ್ ಕಟ್ಟಿದ್ದರು. 80 ಮಿ.ಮೀ. ವ್ಯಾಸದ ವೃತ್ತದಲ್ಲಿ ಸಮ ಅಂತರದ ಆರು ತೂತು ಬೇಕು. ಆಪರೇಟರ್ ಮೊದಲು ಜಾಬಿನ ಒಂದು ಅಂಚು ಮುಟ್ಟಿಸಿ ಝೀರೋ ಮಾಡಿ, ಎದುರಿನ ಅಂಚಿಗೆ ಹೋಗಿ, ಅರ್ಧ ಮಾಡುವ ಗುಂಡಿ ಒತ್ತಿದರು. ಝೀರೋ ಬಂದ ಕಡೆ ಸೆಂಟರ್. ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ, ವ್ಯಾಸವನ್ನೂ ತೂತುಗಳ ಸಂಖ್ಯೆಯನ್ನೂ ಕೊಟ್ಟರು. ಒಂದು ದಿಕ್ಕಿಗೆ 20, ಇನ್ನೊಂದಕ್ಕೆ 34.641 ಎಂಬಂಥ ಲೆಕ್ಕಗಳನ್ನು ಪೆಟ್ಟಿಗೆ ತಾನೇ ಹಾಕಿಕೊಳ್ಳುತ್ತದೆ. ಅಂಕಿಗಳು ಸೊನ್ನೆಯಾಗುವವರೆಗೆ ಹ್ಯಾಂಡಲ್ ತಿರುಗಿಸಿದರಾಯಿತು. ಹಿಂದೆ ಇದೇ ಕೆಲಸಕ್ಕೆ ಸೈನ್, ಕೊಸೈನ್ ಪಟ್ಟಿ ಹಿಡಿದು ಕೂರಬೇಕಿತ್ತು, ಇಲ್ಲವೇ ರೋಟರಿ ಟೇಬಲ್ ಕಟ್ಟಬೇಕಿತ್ತು.

ಲೇತಿನ ಲೆಕ್ಕವೇ ಬೇರೆ. ಟೂಲ್ 1 ಮಿ.ಮೀ. ಒಳಗೆ ಹೋದರೆ ವ್ಯಾಸ 2 ಮಿ.ಮೀ. ಇಳಿಯುತ್ತದೆ. 5 ಮೈಕ್ರಾನಿನ ಸ್ಕೇಲ್ ಹಾಕಿದರೆ ವ್ಯಾಸದ ಅಂಕಿ ಹತ್ತತ್ತು ಮೈಕ್ರಾನ್ ಹಾರುತ್ತದೆ. ಅದಕ್ಕೇ ಈ ಲೇತಿನ ಕ್ರಾಸ್ ಸ್ಲೈಡಿಗೆ 1 ಮೈಕ್ರಾನಿನ ಸ್ಕೇಲ್.

ಹಾಗಾದರೆ ಮೈಕ್ರೋಮೀಟರ್ ಯಾಕೆ ಇನ್ನೂ ಟೇಬಲ್ ಮೇಲಿದೆ? ಡಿಆರ್‌ಓ ಅಳೆಯುವುದು ಸ್ಲೈಡಿನ ಓಡಾಟವನ್ನು, ಜಾಬನ್ನಲ್ಲ. ಟೂಲ್ ತುದಿ ಸವೆದದ್ದು, ತೆಳುವಾದ ಶಾಫ್ಟ್ ಟೂಲಿನ ಒತ್ತಡಕ್ಕೆ ಬಾಗಿದ್ದು ಅದಕ್ಕೆ ಕಾಣದು. ಬಿಸಿಯೂ ಕಾಣದು: ಅರ್ಧ ಮೀಟರ್ ಅಲ್ಯೂಮಿನಿಯಂ ತುಂಡು 10 ಡಿಗ್ರಿ ಬಿಸಿಯಾದರೆ ನೂರು ಮೈಕ್ರಾನಿಗಿಂತ ಹೆಚ್ಚು ಬೆಳೆಯುತ್ತದೆ. ಅಳೆಯುವ ಗೆರೆಯೂ ಅಳೆಯಬೇಕಾದ ವಸ್ತುವೂ ಒಂದೇ ನೇರದಲ್ಲಿರಬೇಕೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲೇ ಹೇಳಿದ್ದರು. ಇಲ್ಲಿ ಸ್ಕೇಲ್ ಟೇಬಲಿನ ಹಿಂದೆ, ಕೆಳಗೆ. ಟೂಲ್ ಕಡಿಯುವುದು ಮೇಲೆ. ಸವೆದ ಟೇಬಲ್ ಮೀಟರಿಗೆ 0.1 ಮಿ.ಮೀ. ಲೆಕ್ಕದಲ್ಲಿ ವಾಲಿದರೂ 300 ಮಿ.ಮೀ. ಎತ್ತರದಲ್ಲಿ 30 ಮೈಕ್ರಾನ್ ತಪ್ಪುತ್ತದೆ, ಪೆಟ್ಟಿಗೆ ಮಾತ್ರ ಸರಿಯಾದ ಅಂಕಿಯನ್ನೇ ತೋರಿಸುತ್ತಿರುತ್ತದೆ.

ಇನ್ನೊಂದು ತಲೆನೋವು ಕರೆಂಟ್. ಅದು ಹೋದ ಹೊತ್ತಿನಲ್ಲಿ ಯಾರಾದರೂ ಹ್ಯಾಂಡಲ್ ತಿರುಗಿಸಿದರೆ ಇಂಥ ಸ್ಕೇಲಿಗೆ ಗೊತ್ತಾಗುವುದಿಲ್ಲ. ಗಾಜಿನ ಮೇಲಿರುವ ರೆಫರೆನ್ಸ್ ಗುರುತಿಗೆ ಮೊದಲೇ ಝೀರೋ ಕಟ್ಟಿಟ್ಟುಕೊಂಡವರು ಬಚಾವು. ಉಳಿದವರು ಮತ್ತೆ ಅಂಚು ಹುಡುಕಬೇಕು.

ಒಂದೇ ಥರದ ಸಾವಿರ ತುಂಡು ಬೇಕಾದವರು ಸಿಎನ್‌ಸಿಗೇ ಹೋಗಬೇಕು. ಆದರೆ ಒಂದು ಫಿಕ್ಸ್ಚರ್, ಎರಡು ಬುಷ್, ಮುರಿದ ಯಂತ್ರದ ಒಂದು ಶಾಫ್ಟ್ ಎಂದು ಬರುವ ಕೆಲಸದಲ್ಲಿ ಬದುಕುವ ಸಣ್ಣ ವರ್ಕ್‌ಶಾಪಿಗೆ ಡಿಆರ್‌ಓ ಹಾಕಿದ ಹಳೆಯ ಯಂತ್ರ ಇವತ್ತಿಗೂ ಲಾಭದ ಸಾಧನ. ಐಟಿಐ ಮುಗಿಸಿ ಬರುವ ಹುಡುಗರು ಮೊದಲು ಡಯಲ್, ಮೈಕ್ರೋಮೀಟರುಗಳಲ್ಲಿ ಕೈ ಪಳಗಿಸಿಕೊಳ್ಳಲಿ; ಅಂಕಿ ಸುಳ್ಳಾದಾಗ ಗುರುತಿಸಲು ಆ ಅಭ್ಯಾಸವೇ ಬೇಕು. ಡಿಆರ್‌ಓ ಕೊಳ್ಳುವ ಮಾಲೀಕರು ಅದಕ್ಕೂ ಮೊದಲು ಡಯಲ್ ಗೇಜ್ ಇಟ್ಟು ತಮ್ಮ ಯಂತ್ರದ ಸ್ಲೈಡ್ ಪರೀಕ್ಷಿಸಿಕೊಳ್ಳಲಿ. ಸ್ಲೈಡ್ ಸವೆದಿದ್ದರೆ ಮೊದಲ ಖರ್ಚು ಅದನ್ನು ಕೆರೆದು ಸಮ ಮಾಡುವ ಸ್ಕ್ರೇಪಿಂಗಿಗೆ, ಸ್ಕೇಲಿನ ಸರದಿ ಆಮೇಲೆ.