ಮೂವತ್ತನೆಯ ಸ್ವಿಚ್

1961ರ ಆಗಸ್ಟ್. ಅಮೆರಿಕದ ನ್ಯೂ ಹೇವನ್ ನಗರದ ಯೇಲ್ ವಿಶ್ವವಿದ್ಯಾಲಯದಲ್ಲಿ ಮೂವತ್ತೂ ತುಂಬದ ಯಹೂದಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಶುರುಮಾಡಿದರು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಖ್‌ಮನ್ ಆಗ ಜೆರುಸಲೇಮಿನ ಕಟಕಟೆಯಲ್ಲಿದ್ದ. ಮೇಲಿನವರು ಹೇಳಿದಂತೆ ಮಾಡಿದೆ ಎಂಬುದು ಅವನ ವಾದ. ಸಾಮಾನ್ಯ ಜನರೂ ಹಾಗೆ ಮಾಡಬಲ್ಲರೇ ಎಂಬುದು ಮಿಲ್‌ಗ್ರಾಂ ಪ್ರಶ್ನೆ.

ನೆನಪಿನ ಶಕ್ತಿಯ ಅಧ್ಯಯನ ಎಂದು ನಂಬಿಸಿ ಊರಿನ ಗುಮಾಸ್ತರು, ಮೇಷ್ಟ್ರುಗಳು, ಕೂಲಿಕಾರರನ್ನು ಕರೆಸಲಾಯಿತು. ಕೊಟ್ಟದ್ದು ನಾಲ್ಕು ಡಾಲರ್, ಜೊತೆಗೆ ಬಂದುಹೋಗಲು 50 ಸೆಂಟ್. ಅವರೆದುರು 30 ಸ್ವಿಚ್‌ಗಳ ಯಂತ್ರ. ಮೊದಲನೆಯದು 15 ವೋಲ್ಟ್. ಹದಿನೈದು ಹದಿನೈದೇ ಏರುತ್ತ ಕೊನೆಯದು 450. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು ಕೂತವನು ಉತ್ತರ ತಪ್ಪಿದಾಗಲೆಲ್ಲ ಮುಂದಿನ ಸ್ವಿಚ್ ಒತ್ತಿ ಶಾಕ್ ಕೊಡಬೇಕು. ಯಂತ್ರದಿಂದ ಅವನಿಗೆ ಕರೆಂಟು ಹರಿಯುತ್ತಿರಲಿಲ್ಲ, ಅವನದು ನಟನೆ. ಒತ್ತುವವರಿಗೆ ಅದು ಗೊತ್ತಿರಲಿಲ್ಲ.

300 ವೋಲ್ಟಿಗೆ ಅವನು ಗೋಡೆ ಗುದ್ದುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತುಹೋಗುತ್ತಿತ್ತು. ಬೂದು ಕೋಟಿನ ಪ್ರಯೋಗಕಾರ ಮಾತ್ರ "ದಯವಿಟ್ಟು ಮುಂದುವರಿಸಿ" ಎನ್ನುತ್ತಿದ್ದ. 40 ಜನರಲ್ಲಿ 26 ಮಂದಿ ಮೂವತ್ತನೆಯ ಸ್ವಿಚ್ಚನ್ನೂ ಒತ್ತಿದರು. ಸಾವಿರಕ್ಕೊಬ್ಬ ಅಲ್ಲಿಗೆ ಹೋದರೆ ಹೆಚ್ಚು ಎಂದು ಮನೋವೈದ್ಯರು ಮೊದಲೇ ಅಂದಾಜು ಮಾಡಿದ್ದರು.

ಸ್ವಿಚ್ ಒತ್ತಿದ ಇವರನ್ನು ಕಟುಕರೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ಬೆವರಿದರು, ನಡುಗಿದರು, ತೊದಲಿದರು, ಉಗುರುಗಳನ್ನು ಮೈಗೆ ಒತ್ತಿಕೊಂಡರು. ಸಾಕು ಎಂದು ಬೇಡಿಕೊಂಡೇ ಒತ್ತಿದವರಿದ್ದರು. ಮೊದಲ ಸ್ವಿಚ್ ಒತ್ತಿದವನಿಗೆ ಎರಡನೆಯದು ದೊಡ್ಡದೆನಿಸುವುದಿಲ್ಲ. ಇಪ್ಪತ್ತು ಒತ್ತಿದ ಮೇಲೆ ನಿಲ್ಲಿಸಿದರೆ ಹಿಂದಿನ ಇಪ್ಪತ್ತೂ ತಪ್ಪೆಂದು ಒಪ್ಪಿಕೊಂಡಂತೆ.

ಅಮಾಯಕರನ್ನು ಹೀಗೆ ಸಂಕಟಕ್ಕೆ ದೂಡಿದ್ದು ಸರಿಯಲ್ಲ ಎಂಬ ಟೀಕೆ ನ್ಯಾಯವಾದದ್ದು. ಕೆಲವರಿಗೆ ಶಾಕ್ ನಿಜವೇ ಎಂಬ ಅನುಮಾನ ಇತ್ತೆಂಬುದೂ ಹೌದು.

ಆದರೆ 26ರ ಲೆಕ್ಕವನ್ನಷ್ಟೇ ಹೇಳಿ ಸುಮ್ಮನಾಗುವುದು ಅನ್ಯಾಯ. ಮಿಲ್‌ಗ್ರಾಂ ಇದೇ ಪ್ರಯೋಗವನ್ನು ಹಲವು ಬಗೆಯಲ್ಲಿ ಮಾಡಿ ನೋಡಿದರು. ಆಜ್ಞೆ ಫೋನಿನಲ್ಲಿ ಬಂದಾಗ ಕೊನೆಯವರೆಗೆ ಹೋದವರು ಐದರಲ್ಲೊಬ್ಬರು. ಇನ್ನೊಮ್ಮೆ ಯಂತ್ರದ ಪಕ್ಕ ಇನ್ನಿಬ್ಬರು ಸಹಾಯಕರನ್ನು ಕೂರಿಸಿದರು. ಅವರೂ ನಟರೇ. 150 ವೋಲ್ಟಿಗೆ ಒಬ್ಬ ಎದ್ದುಹೋದ, 210ಕ್ಕೆ ಇನ್ನೊಬ್ಬ. ಆ ದಿನಗಳಲ್ಲಿ ಬಂದ 40 ಜನರಲ್ಲಿ ಕೊನೆಯ ಸ್ವಿಚ್ ಒತ್ತಿದವರು ನಾಲ್ವರು.