ಗಾಜಿನ ತೊಟ್ಟಿಯಲ್ಲಿ ಮೀಸೆ ಮೀನಿನ ಪಾಲನೆ

ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಅನೇಕರು, ತಳದ ಕೊಳೆಯನ್ನು ತಿಂದು ಶುಚಿ ಮಾಡಲೆಂದು ಒಂದೆರಡು ಮೀಸೆ ಮೀನುಗಳನ್ನು ತಂದು ಬಿಡುತ್ತಾರೆ. ಅವಕ್ಕೆ ಬೇರೆ ಆಹಾರ ಬೇಕಿಲ್ಲವೆಂಬುದು ಅವರ ನಂಬಿಕೆ. ಈ ಲೇಖಕನೂ ಹಾಗೆಯೇ ನಂಬಿ, ಚೂಪು ಜಲ್ಲಿ ಹರಡಿದ ತೊಟ್ಟಿಯಲ್ಲಿ ಎರಡು ಮೀನು ಬಿಟ್ಟಿದ್ದುಂಟು. ಎರಡು ತಿಂಗಳೊಳಗೆ ಅವುಗಳ ಮೀಸೆ ಸವೆದು ಮೊಟಕಾದವು. ಒಂದು ಸತ್ತೂ ಹೋಯಿತು. ಜಲ್ಲಿ ಕೆದಕಿದಾಗ ಕೊಳೆತ ಆಹಾರದ ದುರ್ವಾಸನೆ ಬಂದಿತು.

ಮೀನಿನ ಪರಿಚಯ

ಕಂಚಿನ ಬಣ್ಣದ ಕೋರಿಡೋರಾಸ್ ದಕ್ಷಿಣ ಅಮೆರಿಕದ ಸಿಹಿನೀರಿನ ಮೀನು. 6ರಿಂದ 7 ಸೆಂ.ಮೀ. ಉದ್ದ ಬೆಳೆಯುತ್ತದೆ. ಮೀಸೆಗಳಿಂದ ಮರಳನ್ನು ತಡಕಿ ಹುಳುಗಳನ್ನು ಹುಡುಕಿ ತಿನ್ನುತ್ತದೆ. ಆಗಾಗ್ಗೆ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿ, ಕರುಳಿನ ಮೂಲಕವೂ ಉಸಿರಾಡುತ್ತದೆ. ಇದು ಸಹಜ. ಎಡೆಬಿಡದೆ ಮೇಲೆ ಬರುತ್ತಿದ್ದರೆ ಮಾತ್ರ ನೀರು ಕೆಟ್ಟಿರಬಹುದೆಂದು ಶಂಕಿಸಬೇಕು. ಇದು ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಕನಿಷ್ಠ 6 ಮೀನುಗಳನ್ನು ಒಟ್ಟಿಗೆ ಸಾಕತಕ್ಕದ್ದು.

ತೊಟ್ಟಿಯ ಸಿದ್ಧತೆ

75 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ ಸುಮಾರು 70 ಲೀಟರ್ ನೀರು ನಿಲ್ಲುತ್ತದೆ. ತಳಕ್ಕೆ ಚೆನ್ನಾಗಿ ತೊಳೆದ ನಯವಾದ ಮರಳನ್ನು 3ರಿಂದ 5 ಸೆಂ.ಮೀ. ದಪ್ಪ ಹರಡಬೇಕು. ನೀರಿನ ಉಷ್ಣಾಂಶ 22ರಿಂದ 26 ಡಿಗ್ರಿ ಸೆಲ್ಸಿಯಸ್ ಇರಲಿ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಿಸಿಯೇ ಬಳಸಬೇಕು.

ಹೊಲಕ್ಕೆ ಹಾಕಿದ ಯೂರಿಯಾದಿಂದ ಬರುವ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ತೊಟ್ಟಿಯಲ್ಲೂ ಇದೇ ಕ್ರಿಯೆ ನಡೆಯಬೇಕು. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ಆದುದರಿಂದ ಶೋಧಕವನ್ನು ಓಡಿಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಸುಮಾರು 4ರಿಂದ 6 ವಾರ ಕಾಯಬೇಕು. ಪರೀಕ್ಷೆಯಲ್ಲಿ ಇವೆರಡೂ ಕಾಣದಾದ ಮೇಲೆ ಮೀನು ಬಿಡುವುದು ಕ್ಷೇಮ.

ಆಹಾರ ಮತ್ತು ನಿರ್ವಹಣೆ

ಮೇಲೆ ಚೆಲ್ಲಿದ ಆಹಾರವನ್ನು ಇತರ ಮೀನುಗಳೇ ಮುಗಿಸುತ್ತವೆ. ಸಂಜೆ ದೀಪ ಆರಿಸಿದ ನಂತರ ತಳಕ್ಕೆ ಮುಳುಗುವ ಗುಳಿಗೆಗಳನ್ನು ಹಾಕಿ, ಉಳಿದದ್ದನ್ನು ಹೊರತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತಳದಿಂದ ಕೊಳವೆಯ ಮೂಲಕ ಹೀರಿ ಬದಲಿಸಿ. ಹೊರಬಂದ ನೀರು ಹಿತ್ತಲ ಗಿಡಗಳಿಗೆ ಉತ್ತಮ. ರೆಕ್ಕೆಯ ಮುಳ್ಳುಗಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಮೀನನ್ನು ಬಟ್ಟಲಿನಲ್ಲಿ ಹಿಡಿಯುವುದು ಲೇಸು. ಉಪ್ಪು ಮತ್ತು ತಾಮ್ರಯುಕ್ತ ಔಷಧಿಗಳನ್ನು ಎಚ್ಚರಿಕೆಯಿಂದ ಬಳಸಬೇಕು.

ಒಂದು ಎಚ್ಚರಿಕೆ

ಅಂಗಡಿಗಳಲ್ಲಿ ಬೆರಳುದ್ದದ ಸಕ್ಕರ್ ಮೀನನ್ನೂ ಇದೇ ಕೆಲಸಕ್ಕೆಂದು ಮಾರುತ್ತಾರೆ. ಅದು 30 ಸೆಂ.ಮೀ. ಮೀರಿ ಬೆಳೆದು ತೊಟ್ಟಿಗೆ ಹಿಡಿಸದಾಗ, ಕೆಲವರು ಕೆರೆಗೆ ಬಿಡುತ್ತಾರೆ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಈ ಪರದೇಶಿ ಮೀನು ಭಾರತದ ಹಲವು ರಾಜ್ಯಗಳ ಜಲಾಶಯಗಳಲ್ಲಿ ಈಗಾಗಲೇ ನೆಲೆಯೂರಿದೆ. ಸಾಕಲಾಗದ ಮೀನನ್ನು ಅಂಗಡಿಗೆ ಹಿಂದಿರುಗಿಸಿ; ಯಾವ ಕಾರಣಕ್ಕೂ ಕೆರೆ, ಕಾಲುವೆ, ಕೃಷಿ ಹೊಂಡಗಳಿಗೆ ಬಿಡಬೇಡಿ.